ಅಮ್ಮನ ಸೆಂಟು

ಅಮ್ಮ ಕೋಣೆಗೆ ಬರುವ ಮೊದಲು ಅವಳ ಸೆಂಟು ಬರುತ್ತಿತ್ತು. ಬಂತೆಂದರೆ ಮನೆಯವರೆಲ್ಲ ನೆಟ್ಟಗೆ ಕೂರುತ್ತಿದ್ದರು. ಹೂವಿನ ವಾಸನೆಯಲ್ಲ ಅದು. ಲವಂಗ, ಹೊಸ ಚರ್ಮದ ಚೀಲ, ಆಳದಲ್ಲೆಲ್ಲೋ ಒಂದಿಷ್ಟು ಕಿತ್ತಳೆ ಸಿಪ್ಪೆಯ ಕಹಿ. ಅವಳ ಸ್ವಭಾವವೂ ಹೆಚ್ಚುಕಡಿಮೆ ಅದೇ. ಚಿತ್ರಮಂದಿರದ ಟಿಕೆಟ್ ಕಿಂಡಿಯ ಹಿಂದೆ ಅರ್ಧ ಆಯುಷ್ಯ ಕಳೆದವಳು. ಹೊರಗಿನವರಿಗೆ ಅವಳ ಕೈಯೊಂದೇ ಕಾಣುತ್ತಿತ್ತು, ಆದರೆ ವಾಸನೆಗೆ ಕಿಂಡಿಯ ಹಂಗಿಲ್ಲ. ಸರದಿ ತಪ್ಪಿಸಿ ಕೈ ತೂರಿಸುವ ಗಟ್ಟಿಗರೂ ಅದು ಮೂಗಿಗೆ ಬಡಿದರೆ ಹಿಂದೆ ಸರಿಯುತ್ತಿದ್ದರು, ಏಕೆಂದರೆ ಅದರ ಬೆನ್ನಿಗೇ ಅವಳ ನಾಲಿಗೆಯೂ ಬರುತ್ತದೆಂದು ಅವರಿಗೆ ಗೊತ್ತಿತ್ತು. ಅದೇ ಚಿತ್ರಮಂದಿರದ ಮೇಲಿನ ಗೂಡಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಅಪ್ಪ ಮಾತ್ರ ಹಿಂದೆ ಸರಿಯಲಿಲ್ಲ, ಮದುವೆಯಾದ. ಧೈರ್ಯ ಅಂದರೆ ಅದು.

ಅಮ್ಮ ಹೋಗಿ ವರ್ಷವಾಯಿತು. ಅಪ್ಪನಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದಕ್ಕಿಂತ, ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಮರೆವಿನ ಕಾಯಿಲೆ. ಮೊದಮೊದಲು ಮಗಳು ನಿಜವನ್ನೇ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಅವನು ಆಗಷ್ಟೇ ಸುದ್ದಿ ಕೇಳಿದವನಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸಂಜೆಗೆ ಮರೆತು, "ನಿಮ್ಮಮ್ಮ ಎಲ್ಲೇ?" ಎಂದು ಮತ್ತೆ ಕೇಳುತ್ತಿದ್ದ. ಒಬ್ಬ ಮನುಷ್ಯನಿಗೆ ಹೆಂಡತಿ ಎಷ್ಟು ಸಲ ಸಾಯಬೇಕು? ಮಗಳು ಹೇಳುವುದನ್ನು ಬಿಟ್ಟಳು.

ಮಗಳು ಕಿಟಕಿ ಪರದೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅಪ್ಪನ ಮಂಚ. ಅಪ್ಪ ಅವಳನ್ನು ಕರೆಯುತ್ತಿದ್ದುದು ಗುಬ್ಬಿ ಎಂದು. ಕೂದಲು ನೆರೆತ ಮೇಲೂ ಗುಬ್ಬಿಯೇ. ಆ ಹೆಸರು ಅವನೊಬ್ಬನ ಬಾಯಲ್ಲಿತ್ತು, ಒಂದು ದಿನ ಅಲ್ಲಿಂದಲೂ ಹಾರಿಹೋಯಿತು. ಆಮೇಲೆ ಅವಳು ತಟ್ಟೆ ತಂದರೆ, "ಯಾರಮ್ಮಾ ನೀವು? ನನ್ನ ಹೆಂಡ್ತಿ ಬರ್ಲಿ, ಆಮೇಲೆ ತಿಂತೀನಿ" ಎಂದು ತುಟಿ ಬಿಗಿಹಿಡಿಯುತ್ತಿದ್ದ. ಹೊಗಳಿದರೂ ಇಲ್ಲ, ಗೋಗರೆದರೂ ಇಲ್ಲ. ದಿನದಿನಕ್ಕೂ ಸೊರಗುತ್ತ ಹೋದ.

ಚಳಿಯ ಒಂದು ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಮೈಮೇಲೆ ಎಳೆದುಕೊಂಡು, ತಟ್ಟೆ ಹಿಡಿದು ಅಪ್ಪನ ಕೋಣೆಗೆ ಹೋದಳು. ಅದು ಅಮ್ಮನ ಹಳೆಯ ಕೋಟು. ಅಪ್ಪ ಮೂಗರಳಿಸಿದ. ಮುಖಕ್ಕೆ ಜೀವ ಬಂತು.

"ಬಂದ್ಯಾ ಇವಳೇ? ಎಷ್ಟು ಹೊತ್ತೇ ನಿಂದು!" ಎಂದವನೇ ಬಾಯಿ ತೆರೆದ.

ಅಪ್ಪಾ, ನಾನು ಕಣೋ ಅನ್ನಬೇಕಿತ್ತು. ಆದರೆ ಹಸಿದ ಬಾಯಿ ತೆರೆದಿತ್ತು. ಅವಳು ಚಮಚ ಬಾಯಿಗಿಟ್ಟಳು. ಅಂದೇ ಮಧ್ಯಾಹ್ನ ಬೀರು ತಡಕಾಡಿ ಅಮ್ಮನ ಸೆಂಟಿನ ಬಾಟಲಿ ಹುಡುಕಿದಳು.

ಬರಿಯ ಸೆಂಟು ಬಂದಿದ್ದರೆ ಆಗುತ್ತಿತ್ತು, ಅದರ ಜೊತೆ ನಾಲಿಗೆಯೂ ಬಂತು. ಮೆತ್ತಗೆ ಹೇಳಿದರೆ ಅಪ್ಪ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ರೀ, ಆಟ ಸಾಕು. ಮಾತ್ರೆ ನುಂಗಿ" ಎಂದು ಗದರಿದರೆ ಹಸುವಿನಂತೆ ನುಂಗುತ್ತಿದ್ದ. ಹೆತ್ತ ಅಪ್ಪನನ್ನು ಮೊದಲ ಸಲ 'ರೀ' ಎಂದ ದಿನ ಅವಳು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದಳು. ಬರಬರುತ್ತ ಅದೂ ರೂಢಿಯಾಯಿತು. ಹೊಲಿಸಲು ಬಂದವರ ಮೇಲೂ ಒಮ್ಮೊಮ್ಮೆ ಅಮ್ಮನ ದನಿಯಲ್ಲೇ ಹರಿಹಾಯ್ದು, ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಅಪ್ಪನ ದೂರು.

"ನಿನ್ನ ಮಗಳನ್ನ ನೋಡು, ಈ ಕಡೆ ತಲೇನೇ ಹಾಕಿಲ್ಲ. ಎಲ್ಲಾ ನೀನು ಕೊಟ್ಟ ಸಲಿಗೆ."

"ಕೆಲ್ಸ ಇರುತ್ತೆ. ಬರ್ತಾಳೆ ಬಿಡಿ."

"ಬಂದಾಗ ನೋಡೋಣ."

ಅವನ ಬಾಯಿ ಒರೆಸುತ್ತಲೇ ಅವಳು ತನ್ನ ಪರವಾಗಿ ತಾನೇ ವಕಾಲತ್ತು ವಹಿಸುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ ಅಪ್ಪ ತನ್ನನ್ನು ನೋಡಿ ಗುಬ್ಬೀ ಅನ್ನಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು. ಅದು ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ.

ಬಾಟಲಿ ಬರಿದಾಯಿತು. ಆ ಸೆಂಟು ಈಗ ಅಂಗಡಿಗೆ ಬರುವುದೇ ಇಲ್ಲವಂತೆ. ಕೊನೆಗೆ ಯಾರೋ ಹೇಳಿದರೆಂದು, ಸುಗಂಧ ಬೆರೆಸಿ ಕೊಡುವವನ ಅಂಗಡಿಗೆ ಹೋದಳು. ಅವನೊಬ್ಬ ಮಾತಿನ ಮಲ್ಲ.

"ಅಮ್ಮನ ಸೆಂಟಾ? ತಾಯಿ ಅಂದ್ರೆ ಮಲ್ಲಿಗೆ ಮೇಡಂ, ಕಣ್ಮುಚ್ಚಿ ತಗೊಳ್ಳಿ."

"ನಮ್ಮಮ್ಮ ಮಲ್ಲಿಗೆ ಅಲ್ಲ."

"ಹಾಗಾದ್ರೆ ಗುಲಾಬಿ. ಮುಳ್ಳಿದ್ರೂ ಹೂವು ಹೂವೇ."

"ಬರೀ ಮುಳ್ಳು ಇದ್ಯಾ ನಿಮ್ಮ ಹತ್ರ?"

ಅವನು ಬಿದ್ದು ಬಿದ್ದು ನಕ್ಕ. "ಅವ್ರು ಎಂಥವ್ರು ಅಂತ ಸ್ವಲ್ಪ ಹೇಳಿ, ನೋಡೋಣ" ಎಂದ.

ಅವಳು ಶುರುಮಾಡಿದಳು. ಕೋಪ ಮೂಗಿನ ತುದೀಲಿ. ಮಾತು ಕಡ್ಡಿ ಮುರಿದ ಹಾಗೆ. ಒಳ್ಳೆ ಮಾತಾಡಿದ್ರೆ ಹಲ್ಲು ಉದುರುತ್ತೆ ಅನ್ನೋ ಹಾಗಿದ್ಲು. ನಂಗೆ ಜ್ವರ ಬಂದ್ರೂ ಬೈತಿದ್ಲು, ಬೈತಾನೇ ಬೆಳಗಾಗೋವರೆಗೂ ಕಾಲು ಒತ್ತುತಿದ್ಲು. ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ದುಃಖ ಒತ್ತರಿಸಿ ಬಂತು, ಗಲ್ಲಾಪೆಟ್ಟಿಗೆ ಹಿಡಿದು ಅತ್ತೇಬಿಟ್ಟಳು. ತಿಂಗಳುಗಟ್ಟಲೆ ಅಮ್ಮನಾಗಿ ಓಡಾಡುತ್ತಿದ್ದವಳಿಗೆ ಅಮ್ಮನಿಗಾಗಿ ಅಳಲು ಪುರುಸೊತ್ತೇ ಆಗಿರಲಿಲ್ಲ. ಮಾತಿನ ಮಲ್ಲ ಮಾತು ನಿಲ್ಲಿಸಿ ಒಂದು ಲೋಟ ನೀರು ಕೊಟ್ಟ. ಆಮೇಲೆ ಹತ್ತಾರು ಸಲ ಬೆರೆಸಿ, ಅವಳ ಮೂಗಿಗೆ ಹಿಡಿದು, ಅಸಲಿಗೆ ಹತ್ತಿರವಾದದ್ದೊಂದನ್ನು ಸೀಸೆಗೆ ತುಂಬಿಸಿದ.

ಮನೆಗೆ ತಂದಳು, ಆದರೆ ತೆರೆಯಲಿಲ್ಲ. ದಾರಿಯುದ್ದಕ್ಕೂ ಒಂದು ಆಸೆ ಕೊರೆಯುತ್ತಿತ್ತು. ಅಪ್ಪನ ಕಣ್ಣಿಗೆ ಮಗಳು ಕಾಣದಂತೆ ಅಡ್ಡ ನಿಂತದ್ದು ಈ ವಾಸನೆಯೇ ಆಗಿದ್ದರೆ? ಮರುದಿನ ಬೆಳಿಗ್ಗೆ ಅವಳು ಮೈ ತಿಕ್ಕಿ ತೊಳೆದು, ಕೋಟನ್ನು ಬೀರುವಿನಲ್ಲೇ ಬಿಟ್ಟು, ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಹಿಡಿದು ಒಳಗೆ ಹೋದಳು.

ಅಪ್ಪ ತಲೆಯೆತ್ತಿ ನೋಡಿದ. ಬಹಳ ಮರ್ಯಾದೆಯಿಂದ, "ಬನ್ನಿ, ಕೂತ್ಕೊಳ್ಳಿ. ನನ್ನ ಹೆಂಡ್ತಿ ಇಲ್ಲೇ ಎಲ್ಲೋ ಹೋಗಿದ್ದಾಳೆ" ಎಂದ.

ಅವಳು ಕುಳಿತಳು. "ನಿಮಗೆ ಮಕ್ಕಳಿದ್ದಾರಾ?" ಎಂದಳು.

"ಒಬ್ಬಳೇ ಮಗಳು. ಗುಬ್ಬಿ ಅಂತ." ಅಪ್ಪನ ಮುಖ ಅರಳಿತು. "ಒಂದಿನ ಏನ್ ಮಾಡಿದ್ಲು ಗೊತ್ತಾ? ಸಿನಿಮಾ ಓಡ್ತಿದೆ, ಇವಳು ನನ್ನ ಗೂಡಲ್ಲಿ ಬೆಳಕಿಗೆ ಕೈ ಅಡ್ಡ ಹಿಡಿದು ಹಕ್ಕಿ ಮಾಡ್ಬಿಟ್ಲು. ಹೀರೋ ಅಳ್ತಾ ಇದ್ದಾನೆ, ಅವನ ತಲೆ ಮೇಲೆ ಇಷ್ಟು ದೊಡ್ಡ ಹಕ್ಕಿ! ಜನ ಬಾಯಿಗೆ ಬಂದಂಗೆ ಬೈದ್ರು, ನನ್ನ ಕೆಲಸ ಹೋಗೋದೊಂದು ಬಾಕಿ. ನಂಗೆ ನಗು ತಡೆಯಕ್ಕಾಗ್ಲಿಲ್ಲ. ನನ್ನ ಹೆಂಡ್ತಿಗೆ ಇನ್ನೂ ಹೇಳಿಲ್ಲ, ನೀವೂ ಹೇಳ್ಬೇಡಿ. ಚಿನ್ನದಂಥ ಹುಡುಗಿ ಕಣ್ರೀ."

ಹೆಂಡತಿಯ ಮುಂದೆ ಮಗಳನ್ನು ದೂರುವ ಅಪ್ಪಂದಿರು ಹೊರಗಿನವರ ಮುಂದೆ ಹೀಗೆಯೇ ಹೊಗಳುವುದು. ಅಮ್ಮನಾಗಿ ಅವಳಿಗೆ ಸಿಗದಿದ್ದುದು, ಹೊರಗಿನವಳಾಗಿ ಸಿಕ್ಕಿತು.

"ಈಗೆಲ್ಲಿದ್ದಾಳೆ?"

"ಗೊತ್ತಿಲ್ಲ." ದನಿ ಕುಗ್ಗಿತು. "ಪಾಪ, ಅವಳಿಗೆ ನಾನು ಮರ್ತೇ ಹೋದೆ ಅನ್ಸುತ್ತೆ."

"ಅಪ್ಪಾ, ನಾನೇ ಗುಬ್ಬಿ. ನೋಡು ನನ್ನ."

ಅವನು ನೋಡಿದ, ಕಣ್ಣು ಕಿರಿದು ಮಾಡಿ, ನಿಜವಾಗಿಯೂ ನೋಡಿದ. ಆಮೇಲೆ ಯಾರಿಗೂ ನೋವಾಗಬಾರದು ಎಂಬಂತೆ ನಕ್ಕ. "ಇಲ್ಲಮ್ಮ. ನೀವು ದೊಡ್ಡವ್ರು. ಗುಬ್ಬಿ ಇಷ್ಟೇ ಎತ್ತರ" ಎಂದು ಮಂಚದ ಅಂಚಿನವರೆಗೆ ಕೈ ತೋರಿಸಿದ.

ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳದೆಯೇ ಚಮಚ ಅವನ ತುಟಿಗೆ ಹಿಡಿದಳು. ತುಟಿ ಬಿಗಿಯಾಯಿತು. ಹೆಂಡತಿ ಬರಲಿ ಎಂದು ತಲೆ ಆಡಿಸಿದ. ಮಧ್ಯಾಹ್ನವಾದರೂ ಒಂದು ತುತ್ತು ಇಳಿಯಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಹೋಗಿ ಹಾಲು ಬಿಸಿ ಮಾಡಿದಳು. ಮುಖ ತೊಳೆದಳು. ಸೀಸೆಯ ಬಿರಡೆ ತೆಗೆದು ಕಿವಿಯ ಹಿಂದೆ, ಮುಂಗೈಗೆ ಹಚ್ಚಿ, ಕೋಟು ಹಾಕಿಕೊಂಡು ಬಂದಳು.

"ಇವಳೇ, ಎಲ್ಲಿ ಹಾಳಾಗಿ ಹೋಗಿದ್ದೆ? ಯಾರೋ ಒಬ್ರು ಬಂದಿದ್ರು ಕಣೇ. ಬಹಳ ಒಳ್ಳೆಯವ್ರು. ನಮ್ಮ ಗುಬ್ಬಿ ವಿಷಯ ಹೇಳ್ತಿದ್ದೆ, ಸುಮ್ನೆ ಕೂತ್ಕೊಂಡು ಅತ್ರು." ಅಪ್ಪ ಸ್ವಲ್ಪ ಯೋಚಿಸಿದ. "ಪಾಪ, ಅವ್ರಿಗೆ ಅಪ್ಪ ಇಲ್ಲ ಅಂತ ಕಾಣುತ್ತೆ."

"ಇರಬಹುದು" ಎಂದಳು ಅವಳು. "ಬಾಯಿ ತೆಗೀರಿ, ಆರಿಹೋಗುತ್ತೆ."