ಮೂರು ಗಿಡ್ಡ ಕೂಗು

ಮಗಳ ಮಣಿಕಟ್ಟು ಹಿಡಿದುಕೊಂಡು ಅವಳು ಜನರ ನಡುವೆ ಅಡ್ಡಕ್ಕೆ ಓಡುತ್ತಿದ್ದಳು. ಟವೆಲನ್ನು ಕೊಳದಲ್ಲಿ ಅದ್ದಿ, ಹಿಂಡದೆಯೇ ಹುಡುಗಿಯ ಮೂಗುಬಾಯಿಗೆ ಒತ್ತಿದ್ದಳು. ನೀರು ಹೊಸ ಅಂಗಿಯೊಳಗೆ ಇಳಿಯುತ್ತಿತ್ತು. "ಅಮ್ಮ, ನನ್ನ ಐಸ್‌ಕ್ರೀಮು" ಎಂದು ಹುಡುಗಿ ಟವೆಲಿನೊಳಗಿಂದ ಹೇಳಿದ್ದು ಕೇಳಿಸಲಿಲ್ಲ. ಕಾರ್ಖಾನೆಯ ಹಳೆಯ ದೊಡ್ಡ ಕುಲುಮೆಯ ನೆತ್ತಿಯ ಮೇಲೆ ಗಾಳಿಯ ದಿಕ್ಕು ತೋರಿಸುತ್ತಿದ್ದ ಗಾಳಿಚೀಲವೊಂದೇ ಅವಳಿಗೆ ಕಾಣುತ್ತಿದ್ದದ್ದು. ಚೀಲ ಪೂರ್ವಕ್ಕೆ ಉಬ್ಬಿತ್ತು. ಉತ್ತರಕ್ಕೆ ಓಡಬೇಕು.

ದೋಣಿಯ ಟಿಕೆಟ್ ಕೊಡುವ ಕಿಟಕಿ ದಾಟಿ, ಬೇಲಿ ಎದೆಗೆ ತಾಗಿದಾಗಲೇ ಅವಳು ತಿರುಗಿ ನೋಡಿದ್ದು. ಯಾರೂ ಓಡುತ್ತಿರಲಿಲ್ಲ. ಕುಲುಮೆಗೆ ನೇರಳೆ ಬಣ್ಣದ ದೀಪ ಹೊತ್ತಿಕೊಂಡಿತ್ತು, ಅದರ ಬಾಯಿಂದ ಸಿಹಿವಾಸನೆಯ ಬಿಳಿ ಹೊಗೆ ಬರುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೊದಲು ಕುಲುಮೆಗೆ, ಆಮೇಲೆ ಅವಳಿಗೆ. ಫೋನುಗಳೆಲ್ಲ ನಿಧಾನವಾಗಿ ಅವಳ ಕಡೆ ತಿರುಗಿದವು.

ಗಂಡ ಎರಡು ಐಸ್‌ಕ್ರೀಮ್ ಹಿಡಿದು ಅಲ್ಲೇ ನಿಂತಿದ್ದ. ಎರಡೂ ಕರಗಿ ಮೊಣಕೈವರೆಗೆ ಇಳಿದಿದ್ದವು.

"ಶೋನೇ ಇದು," ಅಂದ ಹತ್ತಿರ ಬಂದು. "ಬೋರ್ಡ್ ಹಾಕಿದ್ದಾರಲ್ಲ ಅಲ್ಲಿ."

"ಮೂರು ಗಿಡ್ಡ ಕೂಗು ಕೂಗಿತು."

"ಹೂಂ, ಕೂಗಿತು. ಇವತ್ತಿಂದ ಕೊನೇಲಿ ಹೀಗೆ ಕೂಗುತ್ತೆ. ಬಾ, ಎಲ್ಲರೂ ನೋಡ್ತಾ ಇದ್ದಾರೆ."

ಆ ಊರಲ್ಲಿ ಹುಟ್ಟಿದವರಿಗೆ ಅಕ್ಷರಕ್ಕೆ ಮೊದಲು ಕಾರ್ಖಾನೆಯ ಸೈರನ್ನಿನ ಕೂಗು ಬರುತ್ತಿತ್ತು. ಉದ್ದಕ್ಕೆ ಒಂದು ಕೂಗಿದರೆ ಪಾಳಿ ಬದಲು. ಎರಡು ಕೂಗಿದರೆ ಬೆಂಕಿ. ಗಿಡ್ಡಗಿಡ್ಡಕ್ಕೆ ಮೂರು ಕೂಗಿದರೆ ಗ್ಯಾಸು. ಆಗ ಹೊಗೆ ನೋಡಬಾರದು, ಚೀಲ ನೋಡಬೇಕು, ಒದ್ದೆ ಬಟ್ಟೆ ಮೂಗಿಗಿಟ್ಟು ಗಾಳಿಗೆ ಅಡ್ಡ ಓಡಬೇಕು. ಕಾರ್ಖಾನೆಯವರ ಕಾಲೋನಿಯಲ್ಲಿ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಬಕೆಟ್ ನೀರು, ನೀರಲ್ಲಿ ಟವೆಲ್. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಆ ನೀರು ಬದಲಾಯಿಸುವುದು. ಅವಳಿಗೆ ಏಳು ವರ್ಷವಿದ್ದಾಗ ಒಂದು ಸಲ ನಿಜವಾಗಿಯೇ ಕೂಗಿತ್ತು. ಅಪ್ಪ ಅವಳನ್ನು ಬಗಲಲ್ಲಿ ಒತ್ತಿಕೊಂಡು ಅಡ್ಡಕ್ಕೆ ಓಡಿದ್ದ. ಪಕ್ಕದ ಮನೆಯವರು ಗಾಳಿ ಬೀಸಿದ ಕಡೆಗೇ ನೇರಕ್ಕೆ ಓಡಿದ್ದರು. ಆ ಮನೆ ಆಮೇಲೆ ಬಹಳ ದಿನ ಬಾಡಿಗೆಗೆ ಹೋಗಲಿಲ್ಲ.

ಈಗ ಕಾರ್ಖಾನೆಯ ಅರ್ಧ ಮುಚ್ಚಿತ್ತು. ಆ ಅರ್ಧವನ್ನು ತೊಳೆದು, ಬಣ್ಣ ಬಳಿದು ಪಾರ್ಕು ಮಾಡಿದ್ದರು. ಕುಲುಮೆಯ ಮೇಲೆ ಗಾಜಿನ ದಾರಿ, ನೀರು ತಣಿಸುತ್ತಿದ್ದ ಕೊಳದಲ್ಲಿ ಬಾತುಕೋಳಿ ಆಕಾರದ ದೋಣಿಗಳು. ಗೋಡೆಯಾಚೆಯ ಇನ್ನರ್ಧ, ಗ್ಯಾಸ್ ಘಟಕ, ಮೊದಲಿನಂತೆಯೇ ನಡೆಯುತ್ತಿತ್ತು. ಗಂಡ ಅಲ್ಲಿ ಫಿಟ್ಟರ್. ಅವಳು ಅಲ್ಲಿಯ ಕೆಲಸಗಾರರಿಗೆ ಮನೆಯಲ್ಲೇ ಕೈಗವಸು ಹೊಲಿಯುತ್ತಿದ್ದಳು. ಅದೇ ಮೊದಲ ಸಲ ಅವರು ಪಾರ್ಕು ನೋಡಲು ಹೋದದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಅವಳು ಓಡಿದ ವಿಡಿಯೊ ಅವಳಿಗಿಂತ ವೇಗವಾಗಿ ಓಡಿತು. ವಾರ ಕಳೆಯುವುದರೊಳಗೆ ಪಾರ್ಕಿನ ಮ್ಯಾನೇಜರ್ ಮನೆಗೇ ಬಂದ. ಕರೆತಂದವನು ಭಾವ, ಗಂಡನ ಅಣ್ಣ. ಕೊಳದ ದೋಣಿಗಳ ಗುತ್ತಿಗೆ ಅವನದು.

ಮ್ಯಾನೇಜರ್ ಚಪ್ಪಲಿ ಬಿಡುತ್ತಾ ಬಾಗಿಲ ಹಿಂದಿನ ಬಕೆಟ್ಟಿನಲ್ಲಿ ಕೈ ತೊಳೆದ. ಅವನು ಟವೆಲನ್ನು ಹಿಂಡಿ ಕೈಯನ್ನೂ ಒರೆಸಿಕೊಂಡ.

"ಅಕ್ಕ, ನಿಮ್ಮನ್ನ ನೋಡೋಕೇ ಜನ ಬರ್ತಿದ್ದಾರೆ," ಅಂದ ಕುರ್ಚಿಯಲ್ಲಿ ಕೂತು. "ಓಡಿದ ಅಮ್ಮ ಎಲ್ಲಿ, ಒದ್ದೆ ಟವೆಲ್ ಎಲ್ಲಿ ಅಂತ ಕೇಳ್ತಾರೆ. ದಿನಾ ಸಂಜೆ ಒಂದು ಸಲ ಓಡಿಬಿಡಿ. ಮಗೂನೂ ಕರ್ಕೊಂಡು. ಅಷ್ಟೇ."

"ಆ ಮೂರು ಕೂಗು ತೆಗೆದುಬಿಡಿ," ಅಂದಳು. "ಒಂದು ಉದ್ದ ಕೂಗು ಹಾಕಿ, ಸಾಕು."

"ಒಂದು ಅಂದ್ರೆ ಪಾಳಿ ಮುಗೀತು ಅಂತಲ್ವಾ?" ಭಾವ ನಕ್ಕ. "ಪಾಳಿ ಮುಗಿಯೋದು ನೋಡೋಕೆ ಯಾರಮ್ಮ ಟಿಕೆಟ್ ತಗೋತಾರೆ? ಪಾಳಿ ಮುಗಿಸಿದವನೇ ತಗೊಳಲ್ಲ."

"ಅದಲ್ಲ ಭಾವ. ದಿನಾ ಕೂಗಿ ಕೂಗಿ ಕಿವಿಗೆ ರೂಢಿ ಆಗೋದ್ರೆ..."

"ಗೊತ್ತು ಗೊತ್ತು. ತೋಳ ಬಂತು ತೋಳ. ಆ ಕಥೆ ನಾನೂ ಓದಿದ್ದೀನಿ. ಆದ್ರೆ ಒಂದು ಕೇಳ್ತೀನಿ. ಈ ಊರಿಗೆ ಮೊದಲು ಯಾರಾದ್ರೂ ಬರ್ತಿದ್ರಾ? ರೈಲು ನಿಂತ್ರೂ ಕಿಟಕಿ ಮುಚ್ಕೋತಿದ್ರು. ಈಗ ಇಳೀತಾರೆ, ದೋಣಿ ಹತ್ತುತಾರೆ, ಊರು ಚೆನ್ನಾಗಿದೆ ಅಂತಾರೆ. ಊರು ಬೆಳೆಯೋದು ಅಂದ್ರೆ ಇದೇ ಕಣಮ್ಮ. ಆ ಘಟಕಾನೂ ಎತ್ತಂಗಡಿ ಮಾಡಿಸ್ತೀವಿ, ಆಮೇಲೆ ಯಾವ ಕೂಗಿನ ಭಯ?"

"ಎತ್ತಂಗಡಿ ಮಾಡಿಸಿ," ಗಂಡ ಥಟ್ಟನೆ ಅಂದ. "ನಾನು ನಿನ್ನ ಬಾತುಕೋಳಿ ದೋಣಿ ತುಳೀತೀನಿ ಆಮೇಲೆ."

"ತುಳಿ. ನಿನ್ನ ವಾಲ್ವಿಗಿಂತ ವಾಸಿ."

"ವಾಲ್ವು ಇರೋದ್ರಿಂದಲೇ ಅಣ್ಣ ನಿನ್ನ ದೋಣಿಗೆ ಬರೋರ ಕೈಲಿ ನಾಲ್ಕು ಕಾಸು. ಘಟಕ ಸರಿಯಾಗೇ ಇದೆ. ಗ್ಯಾಸ್ ಸೋರಿದ್ರೆ ಬಡಿಯೋ ಹೊಸ ಗಂಟೆ ಹಾಕಿದ್ದಾರೆ, ಎಲ್ಲಾ ತಾನೇ ನೋಡ್ಕೊಳ್ಳುತ್ತೆ. ಇವಳೇ ಸುಮ್ಮನೆ ಹೆದರಿಸ್ತಾಳೆ."

ಅಣ್ಣತಮ್ಮಂದಿರು ಎಲ್ಲದರಲ್ಲೂ ಎಣ್ಣೆ ಸೀಗೇಕಾಯಿ. ಅವಳ ವಿಷಯ ಬಂದಾಗ ಮಾತ್ರ ಒಂದಾದರು.

ಮ್ಯಾನೇಜರ್ ಇಬ್ಬರನ್ನೂ ಮುಗಿಯಲು ಬಿಟ್ಟ. ಆಮೇಲೆ ಹೇಳಿದ, "ಅಕ್ಕ, ಒಂದು ಯೋಚನೆ ಮಾಡಿ. ಈಗಿನ ಮಕ್ಕಳಿಗೆ ಯಾವ ಕಡೆ ಓಡಬೇಕು ಅಂತ ಗೊತ್ತಾ? ನೀವು ದಿನಾ ಓಡಿ ತೋರಿಸಿದ್ರೆ ಗೊತ್ತಾಗುತ್ತೆ."

ಆ ಮಾತು ಅವಳೊಳಗೆ ಎಲ್ಲೋ ಹೋಗಿ ಕೂತಿತು. ಮೂಲೆಯಲ್ಲಿ ಮಗಳು ಕೈಗವಸಿನ ತುಂಡುಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದಳು. ದಿನಾ ಓಡಿದರೆ ಇವಳ ತಲೆಗಲ್ಲದಿದ್ದರೂ ಕಾಲಿಗಾದರೂ ದಾರಿ ಗೊತ್ತಿರುತ್ತದೆ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

"ಆಯ್ತು," ಅಂದಳು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಗಂಡನಿಗೆ.

ಮೊದಲ ಸಂಜೆಗಳಲ್ಲಿ ಅವಳು ನಿಜವಾಗಿಯೇ ಓಡಿದಳು. ಕೂಗಾಗುತ್ತಲೇ ಚೀಲ ನೋಡುವಳು, ಮಗಳಿಗೆ ತೋರಿಸುವಳು, ಗಾಳಿಗೆ ಅಡ್ಡ ಹೊರಡುವಳು. ಗಾಳಿ ತಿರುಗಿದಂತೆಲ್ಲ ದಾರಿ ತಿರುಗುತ್ತಿತ್ತು. ದೀಪ ಹಾಕುವವನು ಗೊಣಗಿದ, ಬೆಳಕು ಒಂದು ಕಡೆ, ಅಮ್ಮ ಒಂದು ಕಡೆ. ಮ್ಯಾನೇಜರ್ ಸಿಮೆಂಟಿನ ಮೇಲೆ ಹಳದಿ ಗೆರೆ ಎಳೆಸಿದ. ಅಂದಿನಿಂದ ಗೆರೆಯ ಮೇಲೆ ಓಟ. ಗಾಳಿಚೀಲಕ್ಕೂ ಬಣ್ಣದ ದೀಪ ಸುತ್ತಿದರು; ಅದರ ಭಾರಕ್ಕೆ ಚೀಲ ಬಸವಳಿದ ನಾಲಿಗೆಯಂತೆ ಕೆಳಕ್ಕೆ ಜೋತಿತು, ಯಾವ ಕಡೆಯ ಗಾಳಿಗೂ ಅಲುಗಲಿಲ್ಲ.

ಜನ ನಗುವುದು ಮಾತ್ರ ತಪ್ಪಲಿಲ್ಲ. ಕೆಲವರು ತಾವೂ ಕರವಸ್ತ್ರ ಒದ್ದೆ ಮಾಡಿಕೊಂಡು ಅವಳ ಹಿಂದೆ ಓಡಿ, ಬೇಲಿಯ ಹತ್ತಿರ ಬಿದ್ದು ಸತ್ತಂತೆ ನಟಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗ್ಯಾಸಿನಲ್ಲಿ ಸತ್ತವರು ಹಾಗೆ ಮಲಗುವುದಿಲ್ಲ ಎಂದು ಹೇಳಬೇಕೆನಿಸುತ್ತಿತ್ತು. ಮಗಳ ಕೈ ಹಿಡಿದು ಮನೆಗೆ ಹೊರಡುತ್ತಿದ್ದಳು.

ಶಾಲೆಯಲ್ಲಿ ಮಗಳಿಗೆ "ಒದ್ದೆ ಟವೆಲ್" ಎಂದು ಹೆಸರು ಬಿತ್ತು.

"ನಾಳೆ ನಾನು ಬರಲ್ಲ," ಎಂದು ಹುಡುಗಿ ದಿನವೂ ಮಲಗುವಾಗ ಹೇಳುತ್ತಿದ್ದಳು.

"ಬರಬೇಕು ಪುಟ್ಟ. ಒಂದು ದಿನ ನಿಜ ಆದ್ರೆ?"

"ನಿಜ ಆದ್ರೆ ಅಲ್ಲಿ ದೀಪ ಇರುತ್ತಾ?"

"ಇರಲ್ಲ."

"ಜನ ಇರ್ತಾರಾ?"

ಅವಳು ಹೊದಿಕೆಯನ್ನು ಹುಡುಗಿಯ ಕುತ್ತಿಗೆಯವರೆಗೆ ಎಳೆದಳು.

ಸೋಮವಾರ ಪಾರ್ಕಿಗೆ ರಜೆ. ಆ ಸೋಮವಾರ ಗಂಡ ಬೆಳಗಿನ ಪಾಳಿಗೆ ಹೋಗಿದ್ದ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು; ಒಂದು ಜಡೆ ಮುಗಿದು ಇನ್ನೊಂದಕ್ಕೆ ಕೂದಲು ಬಾಚುವಾಗ ಕೂಗಿತು. ಗಿಡ್ಡಕ್ಕೆ ಒಂದು. ಗಿಡ್ಡಕ್ಕೆ ಇನ್ನೊಂದು. ಮೂರನೆಯದು. ಶಬ್ದ ಬಂದದ್ದು ಗೋಡೆಯಾಚೆಯಿಂದ, ಘಟಕದ ಕಡೆಯಿಂದ. ಪಾರ್ಕಿನ ಕೂಗಿಗಿಂತ ಒರಟಾಗಿ, ಶೀತ ಕಟ್ಟಿದ ಗಂಟಲಿನಂತಿತ್ತು.

ಬಾಚಣಿಗೆ ಕೈಯಿಂದ ಜಾರಿತು. ಕಿಟಕಿಯಿಂದ ಬಗ್ಗಿ ನೋಡಿದಳು. ಎದುರು ಮನೆಯ ಟೈಪಿಸ್ಟ್ ಮೆಟ್ಟಿಲ ಮೇಲೆ ಕೂತು ಷೂ ಕಟ್ಟಿಕೊಳ್ಳುತ್ತಿದ್ದ. ತರಕಾರಿಯವಳು ತಕ್ಕಡಿ ಎತ್ತಿ ಹಿಡಿದೇ ಇದ್ದಳು.

"ಓಡಿ," ಅಂದಳು ಅವರಿಗೆ.

ಟೈಪಿಸ್ಟ್ ತಲೆಯೆತ್ತಿ ನಕ್ಕ. "ಏನಕ್ಕ, ಸೋಮವಾರಾನೂ ಬಿಡಲ್ವಾ ನಿಮ್ಮ ಮ್ಯಾನೇಜರು? ಪ್ರಾಕ್ಟೀಸಾ?"

ತರಕಾರಿಯವಳೂ ನಕ್ಕಳು. ಮತ್ತೆ ಮೂರು ಕೂಗಿತು. ಗಾಳಿಯಲ್ಲಿ ಸಣ್ಣಗೆ ಏನೋ ಚುಚ್ಚಿತು, ಹಸಿ ಲೋಹ ನಾಲಿಗೆಗೆ ತಾಗಿದ ಹಾಗೆ. ಅವಳು ಕುಲುಮೆಯ ನೆತ್ತಿ ನೋಡಿದಳು. ಚೀಲ ಜೋತುಬಿದ್ದಿತ್ತು. ಕಣ್ಣು ಅತ್ತಿತ್ತ ಹುಡುಕಿದಾಗ ಹಗ್ಗದ ಮೇಲೆ ಒಣಹಾಕಿದ್ದ ಗಂಡನ ಅಂಗಿ ಸಿಕ್ಕಿತು. ಅದರ ತೋಳು ಘಟಕದ ಕಡೆಯಿಂದ ಮನೆಯ ಕಡೆಗೆ ಹಾರುತ್ತಿತ್ತು.

ಬಕೆಟ್ಟಿನಿಂದ ಟವೆಲ್ ಎಳೆದಳು. ನೆಲವೆಲ್ಲ ನೀರಾಯಿತು. ಮಗಳ ಮುಂದೆ ಮಂಡಿಯೂರಿ ಟವೆಲನ್ನು ಅವಳ ಮುಖದ ಕಡೆ ಹಿಡಿದಳು.

"ಬಾ ಪುಟ್ಟ. ಇದು ನಿಜ. ಅಪ್ಪನಾಣೆ ನಿಜ. ಹಿಡ್ಕೋ ಇದನ್ನ."

ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳ ಒಂದು ಜಡೆ ನೆಟ್ಟಗಿತ್ತು, ಇನ್ನೊಂದು ಕಡೆಯ ಕೂದಲು ಕಣ್ಣ ಮೇಲೆ ಹರಡಿತ್ತು. ಹೊರಗೆ ಟೈಪಿಸ್ಟ್ ಕೆಮ್ಮಿದ. ಇನ್ನೊಂದು ಸಲ ಕೆಮ್ಮಿದ.

"ಬೇಡ," ಅಂದಳು ಮಗಳು. "ಇವತ್ತು ಸೋಮವಾರ. ನಾನು ಓಡಲ್ಲ."