ಆರು ಸೀಸೆ ಕಿವಿರು

ಆರೂ ಸೀಸೆಗಳಲ್ಲಿ ಡಿಎನ್‌ಎ ಸಿಗಲಿಲ್ಲ. ಪ್ರಯೋಗಾಲಯದ ಉತ್ತರ ಇಷ್ಟೇ. ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತೂ ಅದನ್ನೇ ಓದಿದೆ. ನನ್ನದೇ ಏನೋ ತಪ್ಪಿರಬೇಕು.

ಗಂಗಾಂಬಿಕಾ ಕಂಪ್ಲಿಯ ಹೊರಗೆ ಹತ್ತು ತೊಟ್ಟಿಗಳಲ್ಲಿ ಬಣ್ಣದ ಮೀನು ಸಾಕುತ್ತಾರೆ. ಚೆನ್ನೈನಿಂದ ತಂದ ಕೊಯ್ ಮೀನುಗಳು ಸಾಯತೊಡಗಿದಾಗ ಮೀನಿನ ರೋಗ ನೋಡುವ ನನ್ನನ್ನು ಕರೆಸಿದ್ದರು. ಕಿವಿರಿನ ತುಂಬ ಹುಳು. ಕಾಲುವೆಯ ಮೀನುಗಳಲ್ಲೂ ಅಂಥದೇ ಹುಳು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ತರಹ ಕಂಡವು. ಜಾತಿ ಒಂದೆಯೋ ಬೇರೆಯೋ ಎಂದು ಡಿಎನ್‌ಎಯಿಂದ ತಿಳಿಯಬೇಕಿತ್ತು. ಎರಡರ ಕಿವಿರನ್ನೂ ಹಾಕಿಡಲು ಆರು ಸೀಸೆಗಳಲ್ಲಿ ದ್ರವ ತುಂಬಿ ಕೊಟ್ಟಿದ್ದೆ. ಬೇರೆಯಾದರೆ ಹುಳು ಚೆನ್ನೈಯದು. ಒಂದೇ ಆದರೆ ಕಾಲುವೆಯ ಮೇಲೆ ಅನುಮಾನ. ಉತ್ತರ ಬರುವವರೆಗೆ ತೊಟ್ಟಿಗಳಿಗೆ ಕಾಲುವೆ ನೀರು ಬಿಡಬೇಡಿ ಎಂದಿದ್ದೆ. ಉಳಿದ ಒಂಬತ್ತು ತೊಟ್ಟಿಗಳ ಗೋಲ್ಡ್ ಫಿಶ್‌ಗೆ ಇನ್ನೂ ಹುಳು ತಗುಲಿರಲಿಲ್ಲ.

‘ಸತ್ತ ಮೀನಿನ ಕಿವಿರು ನಾ ಕೊಟ್ಟ ದ್ರವದಾಗ ಹಾಕಿದ್ರಿಲ್ಲ?’ ಎಂದು ಕೇಳಿದೆ.

‘ಅದನ್ನ ಚೆಲ್ಲಿದೆನವ್ವಾ,’ ಎಂದರು ಗಂಗಾಂಬಿಕಾರ ಅತ್ತೆ ನೀಲಗಂಗಮ್ಮ. ‘ಮುಚ್ಚಳ ತೆಗದ್ರ ಸೆರಿ ವಾಸ್ನಿ. ಚೀಟಿ ಮ್ಯಾಲೂ ಆಲ್ಕೋಹಾಲ್ ಅಂತ ಬರದೀರಿ. ಲಿಂಗ ಕಟ್ಟಿದ ಮನಿ ನಮ್ದು. ಸೀಸೆ ಬಿಸಿನೀರಾಗ ತೊಳದು ಮೀನಿನ ಔಷಧಿ ತುಂಬಿದೆ, ಫಾರ್ಮಲಿನ್. ಒಂದರ ಕೊಳಿತೇನು, ಹೇಳ್ರಿ.’

ಕೊಳೆತಿರಲಿಲ್ಲ, ನಿಜ. ಫಾರ್ಮಲಿನ್ ಮಾಂಸವನ್ನು ಕಾಯುತ್ತದೆ, ಡಿಎನ್‌ಎಯನ್ನು ಕೆಡಿಸುತ್ತದೆ. ಚೀಟಿಯಲ್ಲಿ ಮೊದಲು ಸ್ಪಿರಿಟ್ ಎಂದು ಬರೆದು, ಸರಿಯಾದ ಹೆಸರಲ್ಲವೆಂದು ಹೊಡೆದುಹಾಕಿ, ಮತ್ತೆ ಬರೆದವಳು ನಾನೇ.

‘ನನಗೊಂದು ಮಾತು ಹೇಳಬಾರದೇನತ್ತಿ?’ ಎಂದರು ಗಂಗಾಂಬಿಕಾ.

‘ಹೇಳಿದ್ರ ನೀ ಬ್ಯಾಡ ಅಂತಿದ್ದಿ.’

‘ಮತ್ತೊಮ್ಮೆ ತಗೋಳೋಣ,’ ಎಂದೆ.

‘ಯಾವುದ್ರಾಗ ತಗೋತೀರಿ ಮೇಡಮ್? ಚೆನ್ನೈ ಮೀನು ಒಂದೂ ಉಳಿದಿಲ್ಲ,’ ಎಂದರು ಗಂಗಾಂಬಿಕಾ.

‘ಇವೂ ಸತ್ರ ಬರ್ರಿ,’ ನೀಲಗಂಗಮ್ಮ ಗೋಲ್ಡ್ ಫಿಶ್ ತೋರಿಸಿದರು. ‘ನಿಮ್ಮ ಸೆರಿ ಸೀಸೆ ಆಗ ಮೋಟಾರ್ ರೂಮಿನ್ಯಾಗ ಇಡ್ತೀವಿ, ಮನ್ಯಾಗಲ್ಲ.’

ನಗಲಾಗಲಿಲ್ಲ. ಬೋರಿನ ನೀರು ಸಾಲದೆ ತೊಟ್ಟಿಗಳು ಅರ್ಧಕ್ಕಿಳಿದು ಪಾಚಿಗಟ್ಟಿದ್ದವು. ಇಪ್ಪತ್ತು ದಿನ ನನ್ನ ಮಾತು ನಂಬಿ ಕಾದಿದ್ದರು.

ಗಂಗಾಂಬಿಕಾ ಕಾಲುವೆ ಪೈಪಿನ ವಾಲ್ವಿನ ಮೇಲೆ ಕೈಯಿಟ್ಟರು. ‘ನಮ್ಮ ಮೀನು ಕೊಂದ ಹುಳ ಈ ನೀರಾಗ ಐತೋ ಇಲ್ಲೋ, ಅಷ್ಟು ಹೇಳ್ರಿ ಸಾಕು.’

ಇರಬಹುದು, ಇಲ್ಲದಿರಲೂಬಹುದು ಎಂಬ ವಾಕ್ಯ ಬಾಯಿಗೆ ಬಂತು. ಅದನ್ನು ನುಂಗಿ, ‘ಗೊತ್ತಿಲ್ಲ,’ ಎಂದೆ.

ಅವರು ವಾಲ್ವ್ ತಿರುಗಿಸಿದರು. ಕೆಂಪು ನೀರು ಧುಮುಕಿತು. ಗೋಲ್ಡ್ ಫಿಶ್‌ಗಳೆಲ್ಲ ಅದರತ್ತಲೇ ಓಡಿದವು.