ಗುಡ್ಡದ ಗಡಿಕಲ್ಲು

“ಎತ್ಲಾ ಬೋಳಿಮಗನೆ. ನಿಮ್ಮಪ್ಪ ನೆಟ್ಟಿದ್ದ ಕಲ್ಲಾ ಅದು?”

ಕ್ವಾರಿ ಮಾಲೀಕ ಬೋರಲಿಂಗಯ್ಯ ಬೈಯುತ್ತಿದ್ದರೆ ರೇಂಜರ್ ಸಾಹೇಬರು ಜೀಪಿಗೆ ಒರಗಿ ಎಳನೀರು ಕುಡಿಯುತ್ತಿದ್ದರು. ಬೈಸಿಕೊಳ್ಳುತ್ತಿದ್ದ ಅಂಕಯ್ಯ ಅರಣ್ಯ ಇಲಾಖೆಯ ದಿನಗೂಲಿ ವಾಚರ್. ಕೈಲಾಂಚದ ಆಚೆಯ ಆ ಕಾಡುಗುಡ್ಡವನ್ನು ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದ. ಹಿಂದಿನ ವಾರ ಕಾಡೊಳಗಿನ ಬಂಡೆ ಸೀಳಿ ಸಾಗಿಸುತ್ತಿದ್ದ ಬೋರಲಿಂಗಯ್ಯನ ಲಾರಿಗೆ ಅಡ್ಡ ನಿಂತಿದ್ದ. ಮಾರನೆಯ ದಿನವೇ ಅವನ ಮನೆಯ ಸೂರಿನಲ್ಲಿ ಗಂಧದ ತುಂಡುಗಳು ಸಿಕ್ಕವು. ಇಟ್ಟವರಾರೆಂದು ಕೇರಿಗೆಲ್ಲ ಗೊತ್ತಿತ್ತು. ಗುಡ್ಡ ಕಾಡಿನಿಂದ ಹೊರಗೆ ಬೀಳುವಂತೆ ಗಡಿಕಲ್ಲನ್ನು ನಿನ್ನ ಕೈಯಾರೆ ಕಿತ್ತು ಕಾಡಿನೊಳಕ್ಕೆ ಸರಿಸಿ ನೆಡು, ಇಲ್ಲದಿದ್ದರೆ ಜೈಲು ಎಂದಿದ್ದರು ಸಾಹೇಬರು.

ಅಂಕಯ್ಯ ಕಲ್ಲು ಕಿತ್ತು ಹೆಗಲಿಗೇರಿಸಿದ. ಬೋರಲಿಂಗಯ್ಯ ಮೈ ತಾಕದಷ್ಟು ದೂರದಲ್ಲೇ ನಡೆಯುತ್ತ, ಕೋಲಿನ ತುದಿಯಿಂದ ಅವನ ಬೆನ್ನು ತಿವಿದು ದಾರಿ ತೋರಿಸಿದ. ನೆಟ್ಟಾದ ಮೇಲೆ ಸಾಹೇಬರು ಫೋಟೊ ತೆಗೆದರು. ಕಲ್ಲು ಮೊದಲಿಂದ ಇಲ್ಲೇ ಇತ್ತೆಂಬ ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಊರಿನ ನಲ್ಲಿ ಇವರ ಕೇರಿಯವರೆಗೆ ಬಂದಿರಲಿಲ್ಲ. ಗುಡ್ಡದ ಬುಡದ ಚಿಲುಮೆಯೇ ಎಲ್ಲರಿಗೂ ಕುಡಿಯುವ ನೀರು. ಬಂಡೆ ಸಿಡಿದರೆ ಅದು ಬತ್ತುತ್ತದೆಂದು ಹೆಂಡತಿ ಕೆಂಚಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ನಡೆದದ್ದನ್ನೆಲ್ಲ ಕೇಳಿ ಅವಳು ಬೈಯಲಿಲ್ಲ.

“ಜೈಲಾಗಿದ್ರೆ ನೀನೊಬ್ಬ ಹೋಯ್ತಿದ್ದೆ. ಈಗ ಕೇರಿ ಕೇರಿನೇ ಎಲ್ಲಿಗೋಗದು?” ಎಂದಳು.

ಮೂರನೆಯ ದಿನ ಮಧ್ಯಾಹ್ನ ಗುಡ್ಡದಲ್ಲಿ ಸೈರನ್ ಕೂಗಿತು. ಮೂರು ಸಲ ಕೂಗಿದ ಮೇಲೆ ಮದ್ದು ಸಿಡಿಸುವುದು ಕ್ವಾರಿಯ ಪದ್ಧತಿ. ಕೂಲಿಯವರೆಲ್ಲ ದೂರ ಓಡುತ್ತಿದ್ದರೆ ಅಂಕಯ್ಯ ಅವರಿಗೆ ಎದುರಾಗಿ ಬಂಡೆ ಹತ್ತಿ, ಮದ್ದು ತುಂಬಿದ ಕುಳಿಗಳ ನಡುವೆ ಕುಳಿತ. ಸ್ವಲ್ಪ ಹೊತ್ತಿಗೆ ಕೆಂಚಮ್ಮನೂ ಏದುಸಿರು ಬಿಡುತ್ತ ಹತ್ತಿ ಬಂದಳು.

“ಒಸಿ ಅತ್ಲಾಗ್ ಸರ್ಕೊ” ಎಂದು ಪಕ್ಕದಲ್ಲಿ ಕೂತಳು.

ಮದ್ದು ಸಿಡಿಸುವ ಹಬೀಬ್ ಮೇಲೆ ನೋಡಿದ. ಜನ ಕೂತಿದ್ದಾರೆ, ತನ್ನ ಕೈಲಾಗದು ಎಂದು ಮದ್ದಿಗೆ ಕಿಡಿ ಹಾಯಿಸುವ ವೈರು ಕೆಳಗಿಟ್ಟ.

“ಇಳಿಲಾ ಕೆಳೀಕೆ,” ಅವನ ಪಕ್ಕದಲ್ಲಿದ್ದ ಬೋರಲಿಂಗಯ್ಯ ಅಂಕಯ್ಯನತ್ತ ಕೂಗಿದ. “ಸತ್ರೆ ಆಕ್ಸಿಡೆಂಟು ಅಂತ ಬರಿಸ್ಬುಡ್ತೀನಿ.”

ಹುಟ್ಟಿದಾಗಿನಿಂದ ಅವನನ್ನು ‘ಬುದ್ಧಿ’ ಎಂದೇ ಕೈಮುಗಿದು ಕರೆದಿದ್ದ ಅಂಕಯ್ಯ ಹೇಳಿದ, “ಬರಿಸ್ಕೊ ಹೋಗ್ಲಾ. ನಾವು ಇಳಿಯಕ್ಕಿಲ್ಲ.”

ಎರಡನೆಯ ಸೈರನ್ ಕೂಗಿತು. ಬೋರಲಿಂಗಯ್ಯ ಹಬೀಬನನ್ನು ಪಕ್ಕಕ್ಕೆ ತಳ್ಳಿ, ತಾನೇ ಬಗ್ಗಿ ವೈರು ಎತ್ತಿಕೊಂಡ. ಕೆಂಚಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಗಂಡನ ಕೈ ಹಿಡಿದಳು.